ವಾಲ್ಡೆಮಾರ್ ಹಾಫ್ಕಿನ್

ವಾಲ್ಡೆಮಾರ್ ಮೊರ್ದೆಕಾಯ್ ಹಾಫ್ಕಿನ್ (15 ಮಾರ್ಚ್ 1860 – 26 ಅಕ್ಟೋಬರ್ 1930) ಅವರು ರಷ್ಯಾ ಸಾಮ್ರಾಜ್ಯದಲ್ಲಿ ಜನಿಸಿದ ಯಹೂದಿ ಬ್ಯಾಕ್ಟೀರಿಯಾ ವಿಜ್ಞಾನಿ. ಕಾಲರಾ ಹಾಗೂ ಪ್ಲೇಗ್ ರೋಗಗಳ ವಿರುದ್ಧ ಲಸಿಕೆಗಳನ್ನು ಸಿದ್ಧಪಡಿಸಿ, ಅವನ್ನು ದೊಡ್ಡ ಪ್ರಮಾಣದಲ್ಲಿ ಜನರಿಗೆ ತಲುಪಿಸಿದವರಲ್ಲಿ ಮೊದಲಿಗರು. ತಮ್ಮ ವೃತ್ತಿಜೀವನದ ಬಹುಭಾಗವನ್ನು ಭಾರತದಲ್ಲಿ ಕಳೆದರು. ಎರಡೂ ಲಸಿಕೆಗಳನ್ನು ಮೊದಲು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿಕೊಂಡರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮೃತಪಟ್ಟಾಗ ಅದರ ಹೊಣೆ ಅವರ ಪ್ರಯೋಗಾಲಯದ ಮೇಲೆ ಬಿದ್ದಿತು; 1907ರಲ್ಲಿ ಅವರು ದೋಷಮುಕ್ತರಾದರು. ಮುಂಬಯಿಯಲ್ಲಿ ಅವರು ಸ್ಥಾಪಿಸಿದ ಪ್ಲೇಗ್ ಸಂಶೋಧನಾ ಪ್ರಯೋಗಾಲಯವು ಇಂದು ಹಾಫ್ಕಿನ್ ಸಂಸ್ಥೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಹಾಫ್ಕಿನ್ ಅವರು ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ (ಈಗ ಉಕ್ರೇನ್) ಯಹೂದಿ ವರ್ತಕ ಕುಟುಂಬವೊಂದರಲ್ಲಿ ಜನಿಸಿದರು. ರಷ್ಯನ್ ಭಾಷೆಯಲ್ಲಿ ಅವರ ಹೆಸರು ವ್ಲಾದಿಮಿರ್ ಆರೊನೊವಿಚ್ ಖಾವ್ಕಿನ್. ಬೆರ್ದ್ಯಾನ್ಸ್ಕ್ ಪಟ್ಟಣದಲ್ಲಿ ಶಾಲಾ ಶಿಕ್ಷಣ ಮುಗಿಸಿ, 1879ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯವನ್ನು ಸೇರಿ ಪ್ರಕೃತಿ ವಿಜ್ಞಾನವನ್ನು ಅಭ್ಯಸಿಸಿದರು. ಅಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇಲ್ಯಾ ಮೆಚ್ನಿಕೋವ್ ಅವರಿಗೆ ಗುರುಗಳಾದರು. ರೋಗನಿರೋಧಕ ಶಕ್ತಿಯ ಕುರಿತ ಸಂಶೋಧನೆಗಾಗಿ ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಮೆಚ್ನಿಕೋವ್ ಅವರ ಪ್ರಭಾವ ಹಾಫ್ಕಿನ್ ಅವರ ಮೇಲೆ ಕೊನೆಯವರೆಗೂ ಉಳಿಯಿತು.

1881ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯಾದ ನಂತರ ರಷ್ಯಾದಲ್ಲಿ ಯಹೂದಿಗಳ ಮೇಲೆ ಸಾಮೂಹಿಕ ದಾಳಿಗಳು ನಡೆದವು. ಯಹೂದಿ ಯುವಕರ ಆತ್ಮರಕ್ಷಣಾ ದಳವನ್ನು ಸೇರಿದ್ದ ಹಾಫ್ಕಿನ್ ಘರ್ಷಣೆಯಲ್ಲಿ ಗಾಯಗೊಂಡು ಬಂಧನಕ್ಕೊಳಗಾದರು. ಮೆಚ್ನಿಕೋವ್ ಅವರ ಮಧ್ಯಪ್ರವೇಶದಿಂದ ಬಿಡುಗಡೆ ದೊರೆಯಿತು. ಪದವಿಯ ನಂತರ ಒಡೆಸ್ಸಾದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದರು. ರಷ್ಯನ್ ಆರ್ಥೊಡಾಕ್ಸ್ ಕ್ರೈಸ್ತ ಮತಕ್ಕೆ ಸೇರಿದರೆ ಪ್ರಾಧ್ಯಾಪಕ ಹುದ್ದೆಯ ದಾರಿ ತೆರೆಯುತ್ತಿತ್ತಾದರೂ ಅವರು ಮತಾಂತರಕ್ಕೆ ಒಪ್ಪಲಿಲ್ಲ. 1888ರಲ್ಲಿ ದೇಶವನ್ನು ತೊರೆದು ಜಿನೀವಾಕ್ಕೆ ತೆರಳಿ, ಅಲ್ಲಿ ಶರೀರಕ್ರಿಯಾಶಾಸ್ತ್ರದ ಬೋಧನೆಯಲ್ಲಿ ತೊಡಗಿದರು.

ಪ್ಯಾರಿಸ್ ಮತ್ತು ಕಾಲರಾ ಲಸಿಕೆ

ಅಷ್ಟರಲ್ಲಿ ಮೆಚ್ನಿಕೋವ್ ಅವರು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದ್ದರು. 1889ರಲ್ಲಿ ಹಾಫ್ಕಿನ್ ಕೂಡ ಅಲ್ಲಿಗೆ ಬಂದರು. ಆಗ ಖಾಲಿ ಇದ್ದುದು ಗ್ರಂಥಾಲಯದ ಹುದ್ದೆ ಮಾತ್ರ. ಅದನ್ನೇ ಒಪ್ಪಿಕೊಂಡು, ಬಿಡುವಿನ ವೇಳೆಯಲ್ಲಿ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿದರು. ಆರಂಭದಲ್ಲಿ ಏಕಕೋಶ ಜೀವಿಗಳಿಗೆ ತಗಲುವ ಸೋಂಕುಗಳನ್ನು ಅಧ್ಯಯನ ಮಾಡಿ, ಬಳಿಕ ಕಾಲರಾದತ್ತ ತಿರುಗಿದರು.

ಕಾಲರಾಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ ಅವರು 1884ರಲ್ಲಿ ಕಲ್ಕತ್ತದಲ್ಲಿ ಖಚಿತವಾಗಿ ಗುರುತಿಸಿದ್ದರು. ಮರುವರ್ಷ ಸ್ಪೇನಿನಲ್ಲಿ ಹೈಮೆ ಫೆರಾನ್ ಅವರು ಸಾವಿರಾರು ಜನರಿಗೆ ಕಾಲರಾ ಲಸಿಕೆ ನೀಡಿದ್ದರಾದರೂ ಅದರ ಫಲಿತಾಂಶವು ವಿವಾದಕ್ಕೆ ಗುರಿಯಾಗಿತ್ತು. ಪ್ರತಿ ಬಾರಿಯೂ ಒಂದೇ ಶಕ್ತಿಯ ಲಸಿಕೆಯನ್ನು ತಯಾರಿಸುವ ವಿಧಾನ ಇಲ್ಲದಿರುವುದು ಮುಖ್ಯ ಕೊರತೆಯಾಗಿತ್ತು. ಹಾಫ್ಕಿನ್ ಅವರು ಕಾಲರಾ ಬ್ಯಾಕ್ಟೀರಿಯಾವನ್ನು ಗಿನಿಹಂದಿಗಳ ಉದರಕುಹರದ ಮೂಲಕ ಒಂದರಿಂದ ಇನ್ನೊಂದಕ್ಕೆ ಹಲವು ಬಾರಿ ದಾಟಿಸಿ, ಅದರ ತೀಕ್ಷ್ಣತೆ ಸ್ಥಿರವಾದ ಮಟ್ಟವನ್ನು ಮುಟ್ಟುವಂತೆ ಮಾಡಿದರು. ಗಾಳಿಯಾಡುವ ಹದವಾದ ಶಾಖದಲ್ಲಿ ಬೆಳೆಸಿ ದುರ್ಬಲಗೊಳಿಸಿದ ಬ್ಯಾಕ್ಟೀರಿಯಾವನ್ನು ಮೊದಲ ಚುಚ್ಚುಮದ್ದಾಗಿಯೂ, ಕೆಲವು ದಿನಗಳ ಬಳಿಕ ತೀಕ್ಷ್ಣವಾದುದನ್ನು ಎರಡನೆಯ ಚುಚ್ಚುಮದ್ದಾಗಿಯೂ ನೀಡುವುದು ಅವರ ಕ್ರಮವಾಗಿತ್ತು.

1892ರ ಜುಲೈ 18ರಂದು ಅವರು ಈ ಲಸಿಕೆಯನ್ನು ತಮಗೇ ಚುಚ್ಚಿಕೊಂಡರು. ಜ್ವರ ಮತ್ತು ನೋವು ಕಾಣಿಸಿಕೊಂಡು ಕೆಲವೇ ದಿನಗಳಲ್ಲಿ ಇಳಿದವು. ನಂತರ ಕೆಲವು ರಷ್ಯನ್ ಗೆಳೆಯರು ಸ್ವಇಚ್ಛೆಯಿಂದ ಲಸಿಕೆ ಪಡೆದರು. ಜುಲೈ 30ರಂದು ಪ್ಯಾರಿಸಿನ ಜೀವವಿಜ್ಞಾನ ಸಂಘದ ಮುಂದೆ ಅವರು ಫಲಿತಾಂಶವನ್ನು ಮಂಡಿಸಿದರು. ಆದರೆ ಲಸಿಕೆಯಿಂದ ಹಾನಿಯಿಲ್ಲ ಎಂಬುದು ಮಾತ್ರ ಇದರಿಂದ ತಿಳಿದಿತ್ತು. ಅದು ರೋಗವನ್ನು ತಡೆಯುವುದೇ ಎಂಬುದನ್ನು ತಿಳಿಯಲು ಕಾಲರಾ ಹರಡಿರುವ ಪ್ರದೇಶದಲ್ಲಿ ದೊಡ್ಡ ಪ್ರಮಾಣದ ಪರೀಕ್ಷೆ ಅಗತ್ಯವಾಗಿತ್ತು. ರಷ್ಯಾದಲ್ಲಿ ಅದಕ್ಕೆ ಅವಕಾಶ ದೊರೆಯಲಿಲ್ಲ. ಭಾರತದ ಮಾಜಿ ವೈಸರಾಯ್ ಹಾಗೂ ಆಗ ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ನೆರವಿನಿಂದ ಭಾರತಕ್ಕೆ ಹೋಗುವ ದಾರಿ ತೆರೆಯಿತು. ಈ ಪ್ರಯಾಣಕ್ಕೆ ಮುನ್ನ ಅವರು ಇಂಗ್ಲೆಂಡಿನಲ್ಲಿ ತಮ್ಮ ವಿಧಾನವನ್ನು ಪ್ರದರ್ಶಿಸಿದರು. ಅದರಿಂದ ಪ್ರೇರಿತರಾದ ಆಲ್ಮ್ರೋತ್ ರೈಟ್ ಅವರು ಮುಂದೆ ಟೈಫಾಯ್ಡ್ ಲಸಿಕೆಯನ್ನು ರೂಪಿಸಿದರು.

ಭಾರತದಲ್ಲಿ ಕಾಲರಾ ಲಸಿಕೆ (1893–1895)

ಹಾಫ್ಕಿನ್ ಅವರು 1893ರ ಮಾರ್ಚ್‌ನಲ್ಲಿ ಕಲ್ಕತ್ತಕ್ಕೆ ಬಂದರು. ಅವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು. ಬ್ರಿಟಿಷ್ ಪ್ರಜೆಯೂ ಆಗಿರಲಿಲ್ಲ. ಭಾರತದ ವೈದ್ಯಕೀಯ ಸೇವೆಯ ಅಧಿಕಾರಿಗಳಲ್ಲಿ ಹಲವರು ಅವರನ್ನು ಹೊರಗಿನವರೆಂದೇ ಕಂಡರು. ಕಾಲರಾ ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ, ಹವೆ ಮತ್ತು ನೆಲದ ದೋಷದಿಂದ ಬರುವಂಥದು ಎಂಬ ಹಳೆಯ ನಂಬಿಕೆಯೂ ಅಧಿಕಾರಿ ವಲಯದಲ್ಲಿ ಇನ್ನೂ ಬಲವಾಗಿತ್ತು. ಜನರಲ್ಲಿ ಚುಚ್ಚುಮದ್ದಿನ ಬಗ್ಗೆ ಭಯವಿತ್ತು. ಲಸಿಕೆಯನ್ನು ಯಾರಿಗೂ ಬಲವಂತವಾಗಿ ನೀಡಬಾರದು ಎಂಬ ನಿಯಮದಡಿಯಲ್ಲಿ ಅವರು ಆಗ್ರಾದಲ್ಲಿ ಕೆಲಸ ಆರಂಭಿಸಿ, ಉತ್ತರ ಭಾರತದ ಪಟ್ಟಣಗಳು ಮತ್ತು ಸೇನಾ ನೆಲೆಗಳಲ್ಲಿ ಸಂಚರಿಸಿದರು.

1894ರಲ್ಲಿ ಕಲ್ಕತ್ತದ ಆರೋಗ್ಯಾಧಿಕಾರಿ ಡಬ್ಲ್ಯು. ಜೆ. ಸಿಂಪ್ಸನ್ ಅವರ ಆಹ್ವಾನದ ಮೇರೆಗೆ ನಗರದ ಬಸ್ತಿಗಳಲ್ಲಿ ಅಂದರೆ ಬಡವರ ಕೊಳಚೆ ಕೇರಿಗಳಲ್ಲಿ ಕೆಲಸ ಆರಂಭವಾಯಿತು. ಸಾರ್ವಜನಿಕ ಕೆರೆಯ ನೀರನ್ನೇ ಕುಡಿಯಲೂ ತೊಳೆಯಲೂ ಬಳಸುತ್ತಿದ್ದ ಈ ಕೇರಿಗಳಲ್ಲಿ ಕಾಲರಾ ಪ್ರತಿ ವರ್ಷ ಮರುಕಳಿಸುತ್ತಿತ್ತು. ಸುಮಾರು 200 ನಿವಾಸಿಗಳಿದ್ದ ಕಟ್ಟಾಲ್ ಬಾಗಾನ್ ಬಸ್ತಿಯಲ್ಲಿ ಕಾಲರಾ ಕಾಣಿಸಿಕೊಂಡಾಗ 116 ಮಂದಿ ಲಸಿಕೆ ಪಡೆದರು. ಬಳಿಕ ಅಲ್ಲಿ ಕಂಡುಬಂದ ಹೊಸ ಪ್ರಕರಣಗಳೆಲ್ಲವೂ ಲಸಿಕೆ ಪಡೆಯದವರಲ್ಲಿಯೇ ಸಂಭವಿಸಿದವು. ಈ ಫಲಿತಾಂಶದ ನಂತರ ನಗರಸಭೆಯು ಕೆಲಸದ ವಿಸ್ತರಣೆಗೆ ಹಣ ಒದಗಿಸಿತು.

ಈ ಕಾರ್ಯದಲ್ಲಿ ಚೌಧರಿ, ಘೋಷ್, ಚಟರ್ಜಿ ಮತ್ತು ದತ್ತ ಎಂಬ ನಾಲ್ವರು ಭಾರತೀಯ ವೈದ್ಯರು ಅವರ ಜೊತೆಗಿದ್ದರು. ಜನರ ಭಾಷೆ ಬಲ್ಲ ಈ ವೈದ್ಯರು ಮನೆಮನೆಗೆ ಹೋಗಿ ಲಸಿಕೆಯ ಉದ್ದೇಶವನ್ನು ವಿವರಿಸಿದರು. ಕೆಲವೆಡೆ ತಂಡದ ಮೇಲೆ ಕಲ್ಲುಗಳೂ ಬಿದ್ದವು. ಅಂಥ ಸಂದರ್ಭಗಳಲ್ಲಿ ಎಲ್ಲರೆದುರು ತಮ್ಮವರೇ ಮೊದಲು ಚುಚ್ಚಿಸಿಕೊಂಡು ತೋರಿಸಿ ಜನರ ಅಂಜಿಕೆಯನ್ನು ನಿವಾರಿಸುವುದು ಅವರ ರೂಢಿಯಾಗಿತ್ತು. ಅಸ್ಸಾಮಿನ ಚಹಾ ತೋಟಗಳ ಕೂಲಿಕಾರರಿಗೂ ಲಸಿಕೆ ನೀಡಲಾಯಿತು. 1895ರವರೆಗೆ ಸುಮಾರು 42 ಸಾವಿರ ಜನರು ಲಸಿಕೆ ಪಡೆದರು. ಲಸಿಕೆಯ ರಕ್ಷಣೆ ಆರಂಭವಾಗಲು ಕೆಲವು ದಿನಗಳು ಬೇಕೆಂಬುದನ್ನೂ, ರೋಗ ತಗಲುವವರ ಸಂಖ್ಯೆ ಕಡಿಮೆಯಾದರೂ ರೋಗ ತಗಲಿದವರಲ್ಲಿ ಸಾವಿನ ಪ್ರಮಾಣ ಹೆಚ್ಚು ಇಳಿಯಲಿಲ್ಲ ಎಂಬುದನ್ನೂ ಹಾಫ್ಕಿನ್ ತಮ್ಮ ವರದಿಗಳಲ್ಲಿ ಮುಚ್ಚಿಡದೆ ದಾಖಲಿಸಿದರು. ಈ ನಡುವೆ ಮಲೇರಿಯಾಕ್ಕೆ ತುತ್ತಾದ ಅವರು 1895ರಲ್ಲಿ ಚೇತರಿಕೆಗಾಗಿ ಯುರೋಪಿಗೆ ಹೋಗಿ, 1896ರಲ್ಲಿ ಮರಳಿ ಬಂದರು.

ಮುಂಬಯಿ ಪ್ಲೇಗ್ ಮತ್ತು ಪ್ಲೇಗ್ ಲಸಿಕೆ

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಬ್ಬಿದ್ದ ಗೆಡ್ಡೆ ಪ್ಲೇಗ್ 1896ರಲ್ಲಿ ಮುಂಬಯಿಯನ್ನು ಮುಟ್ಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದರಿನ ಬಳಿಯ ಮಾಂಡವಿ ಪ್ರದೇಶದಲ್ಲಿ ವೈದ್ಯ ಅಕಾಸಿಯೊ ಗೇಬ್ರಿಯಲ್ ವೀಗಸ್ ಅವರು ರೋಗವನ್ನು ಪ್ಲೇಗ್ ಎಂದು ಗುರುತಿಸಿದರು. ನಗರದಿಂದ ಲಕ್ಷಾಂತರ ಜನರು ಹೊರಟುಹೋದರು. ಸರ್ಕಾರದ ಕೋರಿಕೆಯಂತೆ ಹಾಫ್ಕಿನ್ ಅವರು ಅಕ್ಟೋಬರ್ 7ರಂದು ಮುಂಬಯಿಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಒಂದು ಕೋಣೆ ಮತ್ತು ಮೊಗಸಾಲೆ. ಸಹಾಯಕ್ಕೆ ಒಬ್ಬ ಗುಮಾಸ್ತ ಹಾಗೂ ಮೂವರು ಜವಾನರು.

ಪ್ಲೇಗ್ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ ಅವರು ಎರಡು ವರ್ಷಗಳ ಹಿಂದೆಯಷ್ಟೇ ಹಾಂಗ್‌ಕಾಂಗ್‌ನಲ್ಲಿ ಪತ್ತೆಹಚ್ಚಿದ್ದರು. ಈ ಬಾರಿ ಹಾಫ್ಕಿನ್ ಅವರು ಜೀವಂತ ಬ್ಯಾಕ್ಟೀರಿಯಾದ ಬದಲು ಶಾಖದಿಂದ ಕೊಂದ ಬ್ಯಾಕ್ಟೀರಿಯಾವನ್ನು ಬಳಸಲು ನಿರ್ಧರಿಸಿದರು. ದೊಡ್ಡ ಗಾಜಿನ ಪಾತ್ರೆಗಳಲ್ಲಿ ಮಾಂಸದ ಸಾರು ತುಂಬಿ, ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡಲಾಗುತ್ತಿತ್ತು. ಬ್ಯಾಕ್ಟೀರಿಯಾಗಳು ಈ ಹನಿಗಳಿಗೆ ಅಂಟಿಕೊಂಡು, ಗುಹೆಯ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೋಲುಗಳಂತೆ ಕೆಳಮುಖವಾಗಿ ಬೆಳೆಯುತ್ತಿದ್ದವು. ಪಾತ್ರೆಯನ್ನು ಅಲುಗಿಸಿದಾಗ ಅವು ತಳಕ್ಕೆ ಉದುರಿ, ಮೇಲೆ ಹೊಸ ಬೆಳೆ ಆರಂಭವಾಗುತ್ತಿತ್ತು. ಹಲವು ವಾರಗಳ ನಂತರ ದ್ರವವನ್ನು ಕಾಯಿಸಿ ಬ್ಯಾಕ್ಟೀರಿಯಾವನ್ನು ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲವನ್ನು ಸೇರಿಸಲಾಗುತ್ತಿತ್ತು. ಹಿಂದೂ ಮತ್ತು ಮುಸ್ಲಿಂ ಜನರ ಧಾರ್ಮಿಕ ಭಾವನೆಗಳನ್ನು ಗಮನಿಸಿ, ಸಾರಿಗೆ ಗೋಮಾಂಸ ಅಥವಾ ಹಂದಿಮಾಂಸದ ಬದಲು ಮೇಕೆಯ ಮಾಂಸವನ್ನು ಬಳಸಲಾಯಿತು.

ಮೂರು ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಹಾಫ್ಕಿನ್ ಅವರು ಮುಂದೆ ಸಾರ್ವಜನಿಕರಿಗೆ ನಿಗದಿಯಾದ ಪ್ರಮಾಣದ ಸುಮಾರು ನಾಲ್ಕರಷ್ಟನ್ನು ತಾವೇ ಚುಚ್ಚಿಕೊಂಡರು. ತೀವ್ರ ಜ್ವರ ಬಂದು ಇಳಿಯಿತು. ಅದೇ ತಿಂಗಳ ಕೊನೆಯಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಒಪ್ಪಿದ ಕೈದಿಗಳಿಗೆ ಮಾತ್ರ ಲಸಿಕೆ ನೀಡಲಾಯಿತು. ಆಹಾರ, ವಸತಿ, ಕೆಲಸ ಎಲ್ಲರಿಗೂ ಒಂದೇ ಆಗಿದ್ದುದರಿಂದ ಹೋಲಿಕೆ ಸಾಧ್ಯವಾಯಿತು. ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ತಗಲಿ 6 ಮಂದಿ ಸತ್ತರು. ಲಸಿಕೆ ಪಡೆದವರಲ್ಲಿ ಇಬ್ಬರಿಗೆ ರೋಗ ಬಂದರೂ ಯಾರೂ ಸಾಯಲಿಲ್ಲ.

ಬಲವಂತದ ಕ್ರಮಗಳು ಮತ್ತು ಸ್ವಇಚ್ಛೆಯ ಲಸಿಕೆ

ಪ್ಲೇಗ್ ನಿಯಂತ್ರಣಕ್ಕಾಗಿ ಸರ್ಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿಗೊಳಿಸಿತು. ಮನೆಗಳ ಶೋಧ, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವುದು, ಕುಟುಂಬದವರನ್ನು ಪ್ರತ್ಯೇಕ ಶಿಬಿರಗಳಲ್ಲಿ ಇರಿಸುವುದು, ಪ್ರಯಾಣಿಕರ ತಪಾಸಣೆ ಮೊದಲಾದ ಕ್ರಮಗಳು ಜನರಲ್ಲಿ ತೀವ್ರ ಅಸಮಾಧಾನ ಉಂಟುಮಾಡಿದವು. ಪುಣೆಯಲ್ಲಿ ಸೈನಿಕರು ನಡೆಸಿದ ಶೋಧಗಳ ವಿರುದ್ಧ ಎದ್ದ ಆಕ್ರೋಶದ ನಡುವೆ ಪ್ಲೇಗ್ ಅಧಿಕಾರಿ ವಾಲ್ಟರ್ ರ‍್ಯಾಂಡ್ ಮೇಲೆ ಅದೇ ವರ್ಷದ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಜನರು ರೋಗಿಗಳನ್ನೂ ಶವಗಳನ್ನೂ ಅಡಗಿಸತೊಡಗಿದ್ದರಿಂದ ರೋಗದ ಜಾಡು ಹಿಡಿಯುವುದು ಇನ್ನಷ್ಟು ಕಷ್ಟವಾಯಿತು.

ಇದೇ ಕಾಲದಲ್ಲಿ ಲಸಿಕೆಯು ಸ್ವಇಚ್ಛೆಯ ಆಧಾರದ ಮೇಲೆ ಹರಡಿತು. ಖೋಜಾ ಮುಸ್ಲಿಂ ಸಮುದಾಯದ ಧಾರ್ಮಿಕ ನಾಯಕರಾದ ಮೂರನೆಯ ಆಗಾ ಖಾನ್ ಅವರು ತಮ್ಮ ಅನುಯಾಯಿಗಳ ಎದುರು ತಾವೇ ಲಸಿಕೆ ಹಾಕಿಸಿಕೊಂಡರು. ಪ್ರಯೋಗಾಲಯಕ್ಕಾಗಿ ತಮ್ಮ ಖುಸ್ರು ಲಾಡ್ಜ್ ಎಂಬ ಕಟ್ಟಡವನ್ನು ಬಿಟ್ಟುಕೊಟ್ಟರು. ಸಾವಿರಾರು ಖೋಜಾಗಳು ಅವರ ಮಾದರಿಯನ್ನು ಅನುಸರಿಸಿದರು.

ಕ್ಷೇತ್ರ ಪರೀಕ್ಷೆಗಳು

ಲಸಿಕೆಯ ಪರಿಣಾಮವನ್ನು ಅಳೆಯಲು ಹಾಫ್ಕಿನ್ ಅವರು ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಒಂದೇ ಸನ್ನಿವೇಶದಲ್ಲಿ ಹೋಲಿಸುವ ಕ್ರಮಕ್ಕೆ ಒತ್ತು ಕೊಟ್ಟರು. ಅವುಗಳಲ್ಲಿ ಮುಖ್ಯವಾದವು:

• ದಮನ್ (1897): ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಈ ಪಟ್ಟಣದಲ್ಲಿ ಲಸಿಕೆ ಪಡೆಯದ 6,033 ಜನರಲ್ಲಿ 1,482 ಮಂದಿ ಸತ್ತರು. ಲಸಿಕೆ ಪಡೆದ 2,197 ಜನರಲ್ಲಿ ಸತ್ತವರು 36 ಮಂದಿ.

• ಉಂಧೇರಾ (1898): ಬರೋಡಾ ಸಂಸ್ಥಾನದ ಈ ಗ್ರಾಮದಲ್ಲಿ ಪ್ರತಿಯೊಂದು ಕುಟುಂಬದ ಅರ್ಧದಷ್ಟು ಸದಸ್ಯರಿಗೆ ಲಸಿಕೆ ನೀಡಲಾಯಿತು. ಹೀಗಾಗಿ ಒಂದೇ ಮನೆಯಲ್ಲಿ ಇರುವವರ ನಡುವೆಯೇ ಹೋಲಿಕೆ ಸಾಧ್ಯವಾಯಿತು. ಲಸಿಕೆ ಪಡೆಯದ 64 ಜನರಲ್ಲಿ 27 ಮಂದಿಗೆ ರೋಗ ಬಂದು 26 ಮಂದಿ ಸತ್ತರು. ಲಸಿಕೆ ಪಡೆದ 71 ಜನರಲ್ಲಿ 8 ಮಂದಿಗೆ ರೋಗ ಬಂದು 3 ಮಂದಿ ಸತ್ತರು.

• ಹುಬ್ಬಳ್ಳಿ (1898): ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ, ರೈಲ್ವೆ ಕಾರ್ಯಾಗಾರ ಹಾಗೂ ಹತ್ತಿಗಿರಣಿಗಳ ಈ ಊರಿನಲ್ಲಿ ವೈದ್ಯಾಧಿಕಾರಿ ಲ್ಯೂಮನ್ ಅವರ ಮುಂದಾಳುತನದಲ್ಲಿ ಲಸಿಕೆ ಕಾರ್ಯ ನಡೆಯಿತು. ಪಟ್ಟಣದ ಬಹುಪಾಲು ಜನರು ಲಸಿಕೆ ಪಡೆದರು. ಲಸಿಕೆ ಪಡೆಯದವರಿಗೆ ಹೋಲಿಸಿದರೆ ಪಡೆದವರಲ್ಲಿ ಸಾವಿನ ಪ್ರಮಾಣ ಬಹಳ ಕಡಿಮೆಯಿತ್ತು. ಇಷ್ಟು ದೊಡ್ಡ ಪಟ್ಟಣವೊಂದರಲ್ಲಿ ಬಹುತೇಕ ಎಲ್ಲರಿಗೂ ಲಸಿಕೆ ತಲುಪಿಸಬಹುದೆಂಬುದಕ್ಕೆ ಹುಬ್ಬಳ್ಳಿಯು ಆ ಕಾಲದ ಪ್ರಮುಖ ನಿದರ್ಶನವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರನ್ನೂ ಪ್ರವೇಶಿಸಿತು.

1898ರಲ್ಲಿ ನೇಮಕಗೊಂಡ ಭಾರತೀಯ ಪ್ಲೇಗ್ ಆಯೋಗವು ಪ್ರೊಫೆಸರ್ ಟಿ. ಆರ್. ಫ್ರೇಸರ್ ಅವರ ಅಧ್ಯಕ್ಷತೆಯಲ್ಲಿ ಈ ದಾಖಲೆಗಳನ್ನು ಪರಿಶೀಲಿಸಿತು. ಅಂಕಿಅಂಶಗಳ ನಿಖರತೆಯ ಬಗ್ಗೆಯೂ ತಯಾರಿಕೆಯ ಕ್ರಮದ ಬಗ್ಗೆಯೂ ಆಕ್ಷೇಪಗಳನ್ನು ಎತ್ತಿದರೂ, ಲಸಿಕೆಯು ರೋಗ ತಗಲುವುದನ್ನೂ ಸಾವನ್ನೂ ಗಮನಾರ್ಹವಾಗಿ ಕಡಿಮೆ ಮಾಡುತ್ತದೆ ಎಂಬ ತೀರ್ಮಾನಕ್ಕೆ ಬಂದಿತು. ಬೇಡಿಕೆ ಹೆಚ್ಚಿದಂತೆ ಪ್ರಯೋಗಾಲಯವನ್ನು 1899ರ ಆಗಸ್ಟ್‌ನಲ್ಲಿ ಪರೇಲಿನ ಹಳೆಯ ಸರ್ಕಾರಿ ಭವನಕ್ಕೆ ವರ್ಗಾಯಿಸಲಾಯಿತು. ಹಾಫ್ಕಿನ್ ಅವರು ಅದರ ಪ್ರಧಾನ ನಿರ್ದೇಶಕರಾದರು.

ಮುಲ್ಕೋವಾಲ್ ದುರಂತ

1902ರಲ್ಲಿ ಪಂಜಾಬ್ ಸರ್ಕಾರವು ಪ್ರಾಂತ್ಯದಾದ್ಯಂತ ಬೃಹತ್ ಲಸಿಕೆ ಕಾರ್ಯಕ್ರಮವನ್ನು ಕೈಗೊಂಡಿತು. ಅದಕ್ಕೆ ಬೇಕಾದ ಲಸಿಕೆಯನ್ನು ಅಲ್ಪಕಾಲದಲ್ಲಿ ಒದಗಿಸಲು ಪರೇಲ್ ಪ್ರಯೋಗಾಲಯವು ತಯಾರಿಕೆಯ ವಿಧಾನವನ್ನು ಬದಲಿಸಿತು. ಬ್ಯಾಕ್ಟೀರಿಯಾವನ್ನು ಸಾರಿನ ಬದಲು ಅಗರ್ ಮೇಲೆ ಬೆಳೆಸಲಾಯಿತು. ಕಾರ್ಬಾಲಿಕ್ ಆಮ್ಲವನ್ನು ಸೇರಿಸುವುದನ್ನು ಕೈಬಿಟ್ಟು, ಶುದ್ಧೀಕರಣಕ್ಕೆ ಶಾಖವನ್ನೇ ಅವಲಂಬಿಸಲಾಯಿತು.

1902ರ ಅಕ್ಟೋಬರ್ 30ರಂದು ಮುಲ್ಕೋವಾಲ್ ಗ್ರಾಮದಲ್ಲಿ (ಈಗ ಪಾಕಿಸ್ತಾನದ ಪಂಜಾಬ್) 107 ಜನರಿಗೆ ಐದು ಸೀಸೆಗಳಿಂದ ಲಸಿಕೆ ನೀಡಲಾಯಿತು. 53ಎನ್ ಎಂಬ ಗುರುತಿನ ಒಂದು ಸೀಸೆಯಿಂದ ಲಸಿಕೆ ಪಡೆದ 19 ಮಂದಿಗೆ ಮುಂದಿನ ದಿನಗಳಲ್ಲಿ ಧನುರ್ವಾಯು ಕಾಣಿಸಿಕೊಂಡಿತು. ಅವರೆಲ್ಲರೂ ಮೃತಪಟ್ಟರು. ಉಳಿದ ನಾಲ್ಕು ಸೀಸೆಗಳಿಂದ ಲಸಿಕೆ ಪಡೆದ 88 ಮಂದಿಗೆ ಈ ತೊಂದರೆ ಉಂಟಾಗಲಿಲ್ಲ. ಧನುರ್ವಾಯುವಿನ ಸೋಂಕು ಆ ಒಂದು ಸೀಸೆಯಲ್ಲಿ ಸೇರಿಕೊಂಡಿತ್ತೆಂಬುದು ಇದರಿಂದ ಸ್ಪಷ್ಟವಾಯಿತು. ಅದು ಎಲ್ಲಿ ಮತ್ತು ಯಾವಾಗ ಸೇರಿತು ಎಂಬುದು ವಿವಾದದ ಕೇಂದ್ರವಾಯಿತು. ದುರಂತದ ಸುದ್ದಿ ಹರಡಿದಂತೆ ಪಂಜಾಬಿನ ಲಸಿಕೆ ಕಾರ್ಯಕ್ರಮ ಕುಸಿಯಿತು.

ವಿಚಾರಣೆ ಮತ್ತು ಅಮಾನತು

ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್ ಅವರ ಅಧ್ಯಕ್ಷತೆಯ ಆಯೋಗವು ವಿಚಾರಣೆ ನಡೆಸಿತು. ಮುಲ್ಕೋವಾಲಿನಲ್ಲಿ ಸೀಸೆಯನ್ನು ತೆರೆಯುವುದಕ್ಕೆ ಮುಂಚೆಯೇ ಲಸಿಕೆ ಕಲುಷಿತಗೊಂಡಿತ್ತು ಎಂದು ಅದು ಅಭಿಪ್ರಾಯಪಟ್ಟಿತು. ಹೀಗೆ ಹೊಣೆಯು ಪರೇಲ್ ಪ್ರಯೋಗಾಲಯದ ಮೇಲೆ ಬಂದಿತು. ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟದ್ದು ಆಕ್ಷೇಪಕ್ಕೆ ಗುರಿಯಾಯಿತು. ಹಾಫ್ಕಿನ್ ಅವರನ್ನು ನಿರ್ದೇಶಕ ಸ್ಥಾನದಿಂದ ಅಮಾನತುಗೊಳಿಸಲಾಯಿತು. 1904ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದರು. ವಿಚಾರಣೆಯ ದಾಖಲೆಗಳು 1906ರ ಕೊನೆಯವರೆಗೂ ಸಾರ್ವಜನಿಕರಿಗೆ ದೊರೆಯಲಿಲ್ಲ. ಅಲ್ಲಿಯವರೆಗೆ ಹಾಫ್ಕಿನ್ ಅವರ ಪರವಾಗಿ ಇತರ ವಿಜ್ಞಾನಿಗಳು ಸಾಕ್ಷ್ಯಗಳನ್ನು ಪರಿಶೀಲಿಸುವುದು ಸಾಧ್ಯವಿರಲಿಲ್ಲ.

ದಾಖಲೆಗಳು ಪ್ರಕಟವಾದ ಮೇಲೆ ಕೆಲವು ಸಂಗತಿಗಳು ಗಮನ ಸೆಳೆದವು. ಲಸಿಕೆ ನೀಡಿದ ದಿನ ಸೀಸೆಯ ಬೂಚು ತೆಗೆಯಲು ಬಳಸಿದ ಚಿಮುಟವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ನಿಯಮದಂತೆ ಕಾಯಿಸಿ ಶುದ್ಧಗೊಳಿಸದೆ, ಕಾರ್ಬಾಲಿಕ್ ದ್ರವದಲ್ಲಿ ಅಲುಗಿಸಿ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಬ್ಯಾಕ್ಟೀರಿಯಾದ ಬೀಜಾಣುಗಳು ಮಣ್ಣಿನಲ್ಲಿ ಸಾಮಾನ್ಯವಾಗಿ ಇರುತ್ತವೆ. ಪರೇಲಿನಲ್ಲಿ ಆ ಸೀಸೆಯನ್ನು ತುಂಬಿ 41 ದಿನಗಳಾಗಿದ್ದವು. ಅಲ್ಲಿಯೇ ಸೋಂಕು ಸೇರಿದ್ದರೆ ಇಷ್ಟು ದಿನಗಳಲ್ಲಿ ಬ್ಯಾಕ್ಟೀರಿಯಾ ಹೇರಳವಾಗಿ ಬೆಳೆದು ತೀವ್ರ ದುರ್ವಾಸನೆ ಉಂಟಾಗಬೇಕಿತ್ತು. ಆದರೆ ಸೀಸೆ ತೆರೆದಾಗ ಲಸಿಕೆ ನೀಡಿದ ವೈದ್ಯರು ಅಂಥ ವಾಸನೆಯನ್ನು ಗಮನಿಸಿರಲಿಲ್ಲ. ಸೋಂಕು ಸೇರಿದ್ದು ಗ್ರಾಮದಲ್ಲಿ, ಚಿಮುಟದ ಮೂಲಕ ಎಂಬ ವಾದಕ್ಕೆ ಈ ಸಂಗತಿಗಳು ಆಧಾರವಾದವು.

ದೋಷಮುಕ್ತಿ

ಮಲೇರಿಯಾ ಸಂಶೋಧನೆಗಾಗಿ ನೊಬೆಲ್ ಪ್ರಶಸ್ತಿ ಪಡೆದಿದ್ದ ರೊನಾಲ್ಡ್ ರಾಸ್ ಅವರು ಹಾಫ್ಕಿನ್ ಅವರ ಪರವಾಗಿ ಪತ್ರಿಕೆಗಳಲ್ಲಿ ಬರೆದರು. 1907ರ ಜುಲೈ 29ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ರಾಸ್, ಸಿಂಪ್ಸನ್ ಮೊದಲಾದ ಹತ್ತು ಮಂದಿ ತಜ್ಞರ ಸಹಿಯುಳ್ಳ ಪತ್ರವೊಂದು ಪ್ರಕಟವಾಯಿತು. ಹಾಫ್ಕಿನ್ ಅವರ ಮೇಲಿನ ಆರೋಪಕ್ಕೆ ಆಧಾರವಿಲ್ಲ ಎಂಬುದು ಅದರ ಸಾರ. ಒಬ್ಬ ವ್ಯಕ್ತಿಗೆ ಆದ ಅನ್ಯಾಯದ ಪ್ರಶ್ನೆಯ ಜೊತೆಗೆ, ಲಸಿಕೆಯ ಮೇಲಿನ ಸಾರ್ವಜನಿಕ ವಿಶ್ವಾಸದ ಪ್ರಶ್ನೆಯೂ ಅದರಲ್ಲಿ ಅಡಗಿತ್ತು. ಭಾರತದಲ್ಲಿ ಪ್ಲೇಗ್ ಆಗ ಪ್ರತಿ ವರ್ಷ ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ದೋಷ ಲಸಿಕೆಯದೇ ಎಂಬ ಭಾವನೆ ಉಳಿದುಕೊಂಡಷ್ಟು ಕಾಲ ಜನರು ಅದರಿಂದ ದೂರ ಉಳಿಯುವ ಅಪಾಯವಿತ್ತು. ವಿಷಯವು ಬ್ರಿಟಿಷ್ ಸಂಸತ್ತಿನಲ್ಲೂ ಪ್ರಸ್ತಾಪವಾಯಿತು. 1907ರ ನವೆಂಬರಿನಲ್ಲಿ ಹಾಫ್ಕಿನ್ ಅವರು ದೋಷಮುಕ್ತರಾದರು. ಫ್ರಾನ್ಸಿನಲ್ಲಿ ಸುಳ್ಳು ಆರೋಪಕ್ಕೆ ಗುರಿಯಾದ ಯಹೂದಿ ಸೇನಾಧಿಕಾರಿ ಡ್ರೇಫಸ್ ಪ್ರಕರಣವನ್ನು ನೆನೆದು, ಈ ಘಟನೆಯನ್ನು ಕಿರು ಡ್ರೇಫಸ್ ಪ್ರಕರಣ ಎಂದೂ ಕರೆಯಲಾಗಿದೆ.

ಕಲ್ಕತ್ತ ಮತ್ತು ಕೊನೆಯ ವರ್ಷಗಳು

ಹಾಫ್ಕಿನ್ ಅವರು ಭಾರತಕ್ಕೆ ಮರಳಿದಾಗ ಮುಂಬಯಿಯ ಹುದ್ದೆಯಲ್ಲಿ ಬೇರೊಬ್ಬರಿದ್ದರು. ಅವರನ್ನು ಕಲ್ಕತ್ತದ ಜೈವಿಕ ಪ್ರಯೋಗಾಲಯಕ್ಕೆ ನೇಮಿಸಲಾಯಿತು. ಅಲ್ಲಿ ಲಸಿಕೆ ತಯಾರಿಕೆಗೆ ತಕ್ಕ ಸೌಲಭ್ಯವಿರಲಿಲ್ಲ. ಜನರ ಮೇಲೆ ಲಸಿಕೆಯ ಪರೀಕ್ಷೆ ನಡೆಸಲೂ ಅನುಮತಿ ಇರಲಿಲ್ಲ. ಹೀಗಾಗಿ ಅವರ ಕೆಲಸವು ಬಹುಮಟ್ಟಿಗೆ ಸೈದ್ಧಾಂತಿಕ ಸಂಶೋಧನೆಗೆ ಸೀಮಿತವಾಯಿತು. ಮೊದಲ ಮಹಾಯುದ್ಧದ ಆರಂಭದ ದಿನಗಳಲ್ಲಿ ಅವರು ನಿವೃತ್ತರಾಗಿ ಭಾರತವನ್ನು ಬಿಟ್ಟು ಫ್ರಾನ್ಸಿಗೆ ಹಿಂದಿರುಗಿದರು.

ನಂತರದ ವರ್ಷಗಳಲ್ಲಿ ಅವರು ಸಾಂಪ್ರದಾಯಿಕ ಯಹೂದಿ ಧರ್ಮಾಚರಣೆಯತ್ತ ಹೆಚ್ಚು ಒಲಿದು, 1916ರಲ್ಲಿ ಅದನ್ನು ಸಮರ್ಥಿಸುವ ಪ್ರಬಂಧವನ್ನು ಪ್ರಕಟಿಸಿದರು. 1928ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನೆಲೆಸಿದರು. ಪೂರ್ವ ಯುರೋಪಿನ ಯಹೂದಿ ಧಾರ್ಮಿಕ ವಿದ್ಯಾಲಯಗಳ ನೆರವಿಗಾಗಿ 1929ರಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಅವಿವಾಹಿತರಾಗಿಯೇ ಉಳಿದಿದ್ದ ಅವರು 1930ರ ಅಕ್ಟೋಬರ್ 26ರಂದು ಲೊಸಾನ್‌ನಲ್ಲಿ ನಿಧನರಾದರು.

ಗೌರವಗಳು

• 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಂದರ್ಭದಲ್ಲಿ ಸಿ.ಐ.ಇ. ಪದವಿ.

• 1900ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ಕ್ಯಾಮೆರಾನ್ ಬಹುಮಾನ.

• 1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಹಾಫ್ಕಿನ್ ಸಂಸ್ಥೆ ಎಂಬ ಮರುನಾಮಕರಣ.

• 1964ರಲ್ಲಿ ಭಾರತೀಯ ಅಂಚೆ ಇಲಾಖೆಯಿಂದ ಸ್ಮರಣಾರ್ಥ ಅಂಚೆಚೀಟಿ.

ಮಹತ್ವ

1897ರಿಂದ 1925ರವರೆಗೆ ಮುಂಬಯಿಯ ಪ್ರಯೋಗಾಲಯದಿಂದ ಪ್ಲೇಗ್ ಲಸಿಕೆಯ ಸುಮಾರು 2.6 ಕೋಟಿ ಪ್ರಮಾಣಗಳು ಹೊರಗೆ ಹೋದವು. ಲಸಿಕೆಗೆ ಮಿತಿಗಳೂ ಇದ್ದವು. ಅದು ಜ್ವರ, ನೋವುಗಳನ್ನು ಉಂಟುಮಾಡುತ್ತಿತ್ತು; ರಕ್ಷಣೆ ದೀರ್ಘಕಾಲ ಉಳಿಯುತ್ತಿರಲಿಲ್ಲ. ಪ್ಲೇಗ್ ಇಲಿಗಳ ಚಿಗಟದ ಮೂಲಕ ಹರಡುತ್ತದೆ ಎಂಬುದನ್ನು ಪಾಲ್-ಲೂಯಿ ಸೀಮೊಂಡ್ ಅವರು 1898ರಲ್ಲಿ ಕರಾಚಿಯಲ್ಲಿ ತೋರಿಸಿದ ಮೇಲೆ ಇಲಿಗಳ ನಿಯಂತ್ರಣಕ್ಕೂ, ಮುಂದೆ ಪ್ರತಿಜೀವಕಗಳು ಬಂದ ಮೇಲೆ ಚಿಕಿತ್ಸೆಗೂ ಪ್ರಾಮುಖ್ಯ ದೊರೆಯಿತು. ಆದರೂ ಚಿಕಿತ್ಸೆಯೇ ಇಲ್ಲದಿದ್ದ ಕಾಲದಲ್ಲಿ ಜನರಿಗೆ ದೊರೆತ ಮುಖ್ಯ ರಕ್ಷಣೆ ಈ ಲಸಿಕೆಯಾಗಿತ್ತು.

ಕೊಂದ ಬ್ಯಾಕ್ಟೀರಿಯಾದಿಂದ ಮಾನವರಿಗೆ ಲಸಿಕೆ ತಯಾರಿಸುವುದು, ಲಸಿಕೆ ಪಡೆದವರನ್ನು ಪಡೆಯದವರೊಡನೆ ಸಮಾನ ಸನ್ನಿವೇಶದಲ್ಲಿ ಹೋಲಿಸುವುದು, ಪಡೆಯುವವರ ಒಪ್ಪಿಗೆಯನ್ನು ಆಧಾರವಾಗಿಸಿಕೊಳ್ಳುವುದು ಹಾಫ್ಕಿನ್ ಅವರ ಕಾರ್ಯದ ಮುಖ್ಯ ಅಂಶಗಳು. ಪ್ರಯೋಗಾಲಯದಲ್ಲಿ ಎಷ್ಟೇ ಎಚ್ಚರದಿಂದ ತಯಾರಿಸಿದ ಲಸಿಕೆಯಾದರೂ ಅದರ ಸುರಕ್ಷತೆಯು ಕೊನೆಗೆ ಗ್ರಾಮದಲ್ಲಿ ಸೀಸೆ ತೆರೆಯುವ ಆರೋಗ್ಯ ಕಾರ್ಯಕರ್ತನ ಕೈಯಲ್ಲಿರುತ್ತದೆ ಎಂಬುದಕ್ಕೆ ಮುಲ್ಕೋವಾಲ್ ಪ್ರಕರಣವು ವೈದ್ಯಕೀಯ ಇತಿಹಾಸದಲ್ಲಿ ಉದಾಹರಣೆಯಾಗಿ ಉಳಿದಿದೆ. ಅಂಥ ದುರಂತದ ವಿಚಾರಣೆಯು ಮುಕ್ತವಾಗಿ ನಡೆಯದಿದ್ದಾಗ ವ್ಯಕ್ತಿಗೂ ಸಾರ್ವಜನಿಕ ಆರೋಗ್ಯಕ್ಕೂ ಆಗುವ ನಷ್ಟವನ್ನು ಅದು ತೋರಿಸುತ್ತದೆ. ಪರೇಲಿನ ಹಾಫ್ಕಿನ್ ಸಂಸ್ಥೆಯು ಇಂದಿಗೂ ಸಾಂಕ್ರಾಮಿಕ ರೋಗಗಳ ಸಂಶೋಧನೆ ಮತ್ತು ತರಬೇತಿಯ ಕೇಂದ್ರವಾಗಿ ಕಾರ್ಯನಿರ್ವಹಿಸುತ್ತಿದೆ.